ತೆಗೆಸದೆ ಉಳಿದ ಪೈಪು

ಭದ್ರಾವತಿಯ ಹೊಳೆಹೊನ್ನೂರು ರಸ್ತೆಯಲ್ಲಿ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿ. ಅದಕ್ಕೆ ಒತ್ತಿಕೊಂಡೇ ಮುಸ್ತಕೀಮನ ರೇಡಿಯೇಟರ್ ಶೆಡ್ಡು. ಇಪ್ಪತ್ತೆರಡು ವರ್ಷ ಒಂದೇ ಗೋಡೆಯ ಆಚೆ ಈಚೆ ಕೂತವರು ನಾವು. ಅವನು ಹದಿಮೂರನೇ ವಯಸ್ಸಿಗೆ ಒಬ್ಬ ಉಸ್ತಾದರ ಕೈಕೆಳಗೆ ಸೇರಿ ಕಸುಬು ಕಲಿತವನು. ಬೋರ್ ನೀರಿನ ಸುಣ್ಣ ಕಟ್ಟಿದ ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರ್ ಬಿಚ್ಚಿ, ಸರಳು ತೂರಿಸಿ, ಮತ್ತೆ ನೀರು ಓಡುವಂತೆ ಮಾಡುವುದರಲ್ಲಿ ಅವನ ಸರಿಸಮ ಯಾರೂ ಇರಲಿಲ್ಲ. ಇಡೀ ದಿನ ಬೆಂಕಿಯ ಮುಂದೆ ಬೆಸುಗೆ. ಕುಡಿಯುವುದು ಮಾತ್ರ ನಾಲ್ಕು ಟೀ. "ನೀರು ಕುಡಿಯೋ ಮಾರಾಯ" ಎಂದರೆ, "ಕುಡಿದ್ರೆ ಹೋಗೋದೆಲ್ಲಿಗೆ ಷಡಕ್ಷರಣ್ಣ? ಇಲ್ಲೆಲ್ಲಾದ್ರೂ ಪಾಯಖಾನೆ ಇದ್ಯಾ?" ಎನ್ನುತ್ತಿದ್ದ. ಎಷ್ಟು ಬೈದರೂ ಅಷ್ಟೇ.

ಎರಡು ವರ್ಷದ ಹಿಂದೆ ಎಡಪಕ್ಕೆ ಹಿಡಿದುಕೊಂಡು ಶೆಡ್ಡಿನ ನೆಲದ ಮೇಲೆ ಹೊರಳಾಡಿದ. ನನ್ನ ವ್ಯಾನಿನಲ್ಲೇ ಶಿವಮೊಗ್ಗದ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಹೇಳಿದ್ದು ಕೇಳಿ ಅವನ ಹೆಂಡತಿ ಅನೀಸಾ ಕುಸಿದು ಕೂತಳು. ಬಲಗಡೆಯ ಕಿಡ್ನಿ ಯಾವಾಗಲೋ ಕಲ್ಲು ಕಟ್ಟಿ, ಸದ್ದಿಲ್ಲದೆ ಸತ್ತುಹೋಗಿತ್ತು. ಉಳಿದಿದ್ದು ಎಡಗಡೆಯದೊಂದೇ, ಅದರ ನಾಳಕ್ಕೂ ಕಲ್ಲು ಅಡ್ಡ. ಕಲ್ಲು ಒಡೆದು ತೆಗೆದು, ನಾಳ ಮುಚ್ಚಿಕೊಳ್ಳದಂತೆ ಒಳಗೊಂದು ಸಣ್ಣ ಪೈಪು ಇಟ್ಟರು. ಸ್ಟೆಂಟು ಅಂತ ಅದರ ಹೆಸರು.

"ಒಂದೂವರೆ ತಿಂಗಳಿಗೆ ಬಂದು ತೆಗೆಸ್ಕೊಳ್ಳಲೇಬೇಕು. ಬಿಟ್ರೆ ಆ ಪೈಪಿನ ಮೇಲೇ ಕಲ್ಲು ಕಟ್ಟುತ್ತೆ" ಎಂದರು ಡಾಕ್ಟರು. ಅವನ ಫೋನು ರೇಡಿಯೇಟರ್ ತೊಳೆಯುವ ಆಸಿಡ್ ಬಕೆಟ್ಟಿಗೆ ಬಿದ್ದು ಹಾಳಾಗಿದ್ದರಿಂದ ಆಸ್ಪತ್ರೆಯಲ್ಲಿ ನನ್ನ ನಂಬರ್ ಬರೆಸಿದೆವು.

ದಿನ ಬಂತು. ಇವನು ಹೊರಡಲಿಲ್ಲ.

"ನೀರು ಓಡ್ತಿರೋ ಪೈಪಿಗೆ ಕೈ ಹಾಕಬಾರದು ಅಂತ ನಮ್ಮ ಉಸ್ತಾದ್ರು ಹೇಳೋರು. ಇರೋದೊಂದೇ ಕಿಡ್ನಿ ಅಣ್ಣ. ಕೀಳೋವಾಗ ಅದೂ ಹೋದ್ರೆ?"

"ಡಾಕ್ಟ್ರಿಗಿಂತ ನಿಂಗೆ ಜಾಸ್ತಿ ಗೊತ್ತೇನೋ? ಅದು ಲಾರಿ, ಇದು ಜೀವ!"

"ಮುಂದಿನ ತಿಂಗಳು ಹೋಗ್ತೀನಿ. ಅನೀಸಾಗೆ ತೆಗೆಸ್ಕೊಂಡೆ ಅಂತ ಹೇಳಿದ್ದೀನಿ, ನೀವೂ ಏನೂ ಹೇಳಬೇಡಿ."

ಹೆದರಿದ್ದ, ಪಾಪ. ನೋವೂ ಇರಲಿಲ್ಲ. ಮುಂದಿನ ತಿಂಗಳು ಹೋಗಿ ಅದರ ಮುಂದಿನದು ಬಂತು.

ಪೈಪು ತೆಗೆಸಲು ಬನ್ನಿ ಎಂದು ಆಸ್ಪತ್ರೆಯ ಹುಡುಗಿ ಮೊದಲ ಸಲ ಫೋನ್ ಮಾಡಿದಾಗ ಅವನಿಗೆ ಹೇಳಿದೆ. ಎರಡನೇ ಸಲ ಹೇಳಿದಾಗ ಇಬ್ಬರಿಗೂ ಜಗಳವೇ ಆಯಿತು. ಮೂರನೇ ಸಲ ಫೋನು ಬಂದಾಗ ಅಂಗಡಿಯಲ್ಲಿ ಗಿರಾಕಿಗಳು ಮುತ್ತಿಕೊಂಡಿದ್ದರು, ನನಗೆ ತಲೆ ಕೆಟ್ಟಿತ್ತು. "ತೆಗೆಸ್ಕೊಂಡಾಯ್ತಮ್ಮ, ಬೇರೆ ಕಡೆ" ಎಂದು ಹೇಳಿ ಇಟ್ಟುಬಿಟ್ಟೆ. ಮತ್ತೆ ಫೋನು ಬರಲಿಲ್ಲ. ಗೋಡೆಯಾಚೆಗೆ ಹೋಗಿ ಹೇಳಿದರೆ, "ಒಳ್ಳೇದೇ ಮಾಡಿದ್ರಿ ಬಿಡಿ" ಎಂದು ನಕ್ಕ. ನಾನೂ ನಕ್ಕೆ. ನನ್ನ ನಾಲಿಗೆ ಸೇದಿಹೋಗ!

ಈ ಬೇಸಿಗೆಯಲ್ಲಿ ಅವನಿಗೆ ಚಳಿಜ್ವರ ಬಂತು, ಕಾಲು ಊದಿತು. ಆಮೇಲೆ ಮೂತ್ರವೇ ಕಟ್ಟಿತು, ಎರಡು ದಿನ ಒಂದು ಹನಿ ಇಲ್ಲ. ಅದೇ ಆಸ್ಪತ್ರೆಗೆ ಓಡಿದೆವು. ಒಳಗಿದ್ದ ಪೈಪಿಗೆ ತುದಿಯಿಂದ ತುದಿಗೆ ಕಲ್ಲು ಕಟ್ಟಿತ್ತು. ಎರಡು ಆಪರೇಷನ್ ಮಾಡಿ ತೆಗೆದರು. ಕಿಡ್ನಿ ಮಾತ್ರ ಉಳಿಯಲಿಲ್ಲ.

ಡಾಕ್ಟರು ಫೈಲು ತೆರೆದು ಮಂಚದ ಪಕ್ಕ ನಿಂತರು. "ಬೇರೆ ಕಡೆ ತೆಗೆಸಿದ್ದಾರೆ ಅಂತ ಇಲ್ಲಿ ಬರೆದಿದೆ. ಫೋನಲ್ಲಿ ಹಾಗೆ ಹೇಳಿದ್ದು ಯಾರು?"

ಮುಸ್ತಕೀಮ್ ನನ್ನ ಕಡೆ ಒಮ್ಮೆ ನೋಡಿದ.

"ನಾನೇ ಸಾರ್" ಎಂದ.

"ನಂಗೂ ಸುಳ್ಳು, ಅವ್ರಿಗೂ ಸುಳ್ಳಾ? ಯಾಕ್ರೀ ಹಿಂಗ್ ಮಾಡಿದ್ರಿ?" ಎಂದು ಅನೀಸಾ ಹಣೆ ಚಚ್ಚಿಕೊಂಡು ಅತ್ತಳು. ನಾನು ಅಲ್ಲೇ ಇದ್ದೆ.

ಈಗ ಶೆಡ್ಡಿಗೆ ಬೀಗ. ವಾರಕ್ಕೆ ಮೂರು ದಿನ ಡಯಾಲಿಸಿಸ್, ಕರೆದುಕೊಂಡು ಹೋಗುವವನು ನಾನೇ. ಕಾಗದನಗರದ ಅವರ ಮನೆಯಿಂದ ಹೊರಡುವಾಗ ಅನೀಸಾ ಬಾಗಿಲಿಗೆ ಬಂದು, "ಒಡಹುಟ್ಟಿದೋರೂ ಇಷ್ಟು ಮಾಡಲ್ಲ ಅಣ್ಣ. ಅಲ್ಲಾ ನಿಮ್ಮನ್ನ ಚೆನ್ನಾಗಿ ಇಟ್ಟಿರಲಿ" ಎನ್ನುತ್ತಾಳೆ. ಇವತ್ತು ಹೇಳಿಯೇಬಿಡೋಣ ಎಂದು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಮುಸ್ತಕೀಮ್ ಊದಿದ ಕೈಯಿಂದ ನನ್ನ ತೋಳು ಹಿಡಿದು, "ಹೊತ್ತಾಯ್ತು, ನಡೀರಿ ಅಣ್ಣ" ಎನ್ನುತ್ತಾನೆ.