ಎಡಗಡೆಯ ಗೀರುಗಳು

ಕಾರು ಒರೆಸುವುದಕ್ಕೆ ಹಳೆಯ ಹತ್ತಿಯ ಸೀರೆಗಿಂತ ಒಳ್ಳೆಯ ಬಟ್ಟೆ ಇನ್ನೊಂದಿಲ್ಲ. ಉಟ್ಟು, ಒಗೆದು, ಮತ್ತೆ ಉಟ್ಟು, ಹತ್ತು ಹನ್ನೆರಡು ವರ್ಷಗಳಲ್ಲಿ ಗಂಜಿಯ ಗರ್ವವನ್ನೆಲ್ಲ ಕಳೆದುಕೊಂಡು ಮೆತ್ತಗಾದ ಸೀರೆಯನ್ನು ನಾಲ್ಕು ತುಂಡು ಮಾಡಿ, ಒಂದು ಧೂಳಿಗೆ, ಒಂದು ಹೊಳಪಿಗೆ, ಒಂದು ಗಾಜಿಗೆ, ಕೊನೆಯದು ಎಂಜಿನ್ನಿನ ಜಿಡ್ಡಿಗೆ ಎಂದು ಹಂಚಿಟ್ಟರೆ ವರ್ಷಪೂರ್ತಿ ನಿಶ್ಚಿಂತೆ. ಕಾರು ಕೊಳ್ಳಲು ಹೊರಟವರು ಸಲಹೆ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಕೇಳಿದವರು ನಗುತ್ತಾರೆ, ನಗಲಿ. ಗಾಡಿಯನ್ನು ದಿನವೂ ಸ್ವಂತ ಕೈಯಿಂದ ಒರೆಸುವವರಿಗೆ, ನಿನ್ನೆ ಅದರ ಮೈಮೇಲೆ ಇಲ್ಲದ್ದು ಇಂದು ಏನು ಬಂದಿದೆ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ನನಗೂ ಹಾಗೆಯೇ ತಿಳಿಯಿತು. ತಿಳಿದದ್ದನ್ನು ಬಾಯಿಬಿಟ್ಟು ಆಡಲು ಮಾತ್ರ ತಡಮಾಡಿದೆ.

ನಾವಿದ್ದದ್ದು ಬೆಳಗಾವಿಯ ಅನಗೋಳದಲ್ಲಿ. ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮವರು ಖಾನಾಪುರದ ಕೋರ್ಟಿನಲ್ಲಿ ವಕೀಲರು. ದಿನವೂ ಕಾಗದಪತ್ರಗಳ ಗಂಟನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಜೋತಾಡಿ ಹೋಗಿ ಬರುವುದು ಸಾಕಾಗಿ, ಎಪ್ಪತ್ತರ ದಶಕದ ನಡುವೆ ಒಮ್ಮೆ ಅವರು ಕಾರಿನ ಮಾತೆತ್ತಿದರು. ಹೊಸ ಕಾರಿಗೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಹೀಗಾಗಿ ಮಿಲಿಟರಿಯವರ ಬಡಾವಣೆಯಾದ ಕ್ಯಾಂಪಿನ ಕಡೆ ನಿವೃತ್ತರೊಬ್ಬರು ಮಾರಲು ಇಟ್ಟಿದ್ದ, ಹಾಲಿನ ಕೆನೆಯ ಬಣ್ಣದ ಹಳೆಯ ಕಾರನ್ನು ನೋಡಲು ಹೋದೆವು. ಜೊತೆಗೆ ಕರೆದೊಯ್ದದ್ದು ನಮ್ಮ ಓಣಿಯ ತುದಿಯಲ್ಲಿ ಗ್ಯಾರೇಜಿಟ್ಟಿದ್ದ ಪರಶುರಾಮ ಮಿಸ್ತ್ರಿಯನ್ನು. ಮನೆಯಲ್ಲಿ ಮರಾಠಿ, ಗ್ಯಾರೇಜಿನಲ್ಲಿ ಕನ್ನಡ, ಎಂಜಿನ್ನಿನೊಂದಿಗೆ ಮೌನ – ಇವು ಆತನ ಮೂರು ಭಾಷೆಗಳು.

ಬೆಳಿಗ್ಗೆ ಅಷ್ಟು ಬೇಗ ಮಿಸ್ತ್ರಿ ನಮ್ಮನ್ನು ಏಕೆ ಹೊರಡಿಸಿದನೆಂದು ನನಗೆ ಅಲ್ಲಿಗೆ ಹೋದಮೇಲೆ ತಿಳಿಯಿತು. ಮಾರುವವರು ಎಂಜಿನ್ನನ್ನು ಮೊದಲೇ ಕಾಯಿಸಿಟ್ಟರೆ ಅದರ ನಿಜವಾದ ಕೆಮ್ಮು ಕೇಳಿಸುವುದಿಲ್ಲವಂತೆ. ತಣ್ಣಗಿದ್ದಾಗ ಒಂದೇ ಏಟಿಗೆ ಏಳುವುದೇ ಆರೋಗ್ಯವಂತ ಗಾಡಿ. ನಾನು ಬಣ್ಣಕ್ಕೆ ಮರುಳಾಗಿ ನಿಂತಿದ್ದೆ, ನಮ್ಮವರು ಸೀಟಿನ ಮೆತ್ತೆ ಒತ್ತಿ ನೋಡುತ್ತಿದ್ದರು. ಮಿಸ್ತ್ರಿ ಮಾತ್ರ ಅಂಗಳದಲ್ಲಿ ಗೋಣಿಚೀಲ ಹಾಸಿ ಕಾರಿನಡಿಗೆ ನುಸುಳಿದ. ಆಮೇಲೆ ಒಳಗಿನ ಚಾಪೆ ಎತ್ತಿ ತಗಡನ್ನು ಬೆರಳಿನಿಂದ ತಟ್ಟಿ, ಎಣ್ಣೆಯ ಕಡ್ಡಿ ತೆಗೆದು ಮೂಸಿ, ನಾಲ್ಕೂ ಟಯರುಗಳ ಸವೆತವನ್ನು ಅಂಗೈಯಿಂದ ಸವರಿದ. "ಮ್ಯಾಲಿನ ಬಣ್ಣ ಯಾರರ ಹಚ್ತಾರ್ರಿ ವಕೀಲಸಾಹೇಬ್ರ, ಬುಡಾ ನೋಡಿ ತಗೋಬೇಕು" ಎಂದಷ್ಟೇ ಹೇಳಿದ. ಬುಡ ಗಟ್ಟಿಯಾಗಿತ್ತು. ಕಾರು ನಮ್ಮದಾಯಿತು.

ನಮ್ಮವರಷ್ಟು ಜಾಗರೂಕವಾಗಿ ಕಾರು ನಡೆಸಿದವರನ್ನು ನಾನು ಕಂಡಿಲ್ಲ. ಬೆಳಿಗ್ಗೆ ರೇಡಿಯೇಟರಿನ ನೀರು, ಎಣ್ಣೆ ನೋಡದೆ ಹೊರಟವರಲ್ಲ. ಟಯರಿನ ಗಾಳಿ ವಾರಕ್ಕೊಮ್ಮೆ. ಬ್ರೇಕು ಒಂದಿಷ್ಟು ಮೆತ್ತಗಾದಂತೆ ಕಂಡರೂ ಕೋರ್ಟಿನ ಕೆಲಸ ಬಿಟ್ಟು ಮಿಸ್ತ್ರಿಯ ಗ್ಯಾರೇಜಿಗೆ. ಖಾನಾಪುರದ ರಸ್ತೆಯಲ್ಲಿ ಎತ್ತಿನ ಗಾಡಿಯ ಹಿಂದೆ ಅರ್ಧ ಮೈಲಿ ಸಹನೆಯಿಂದ ತೆವಳುತ್ತ ಹೋಗುವ ಅವರನ್ನು ಬಸ್ಸಿನವರು ಹಾರ್ನು ಬಾರಿಸಿ ಅಣಕಿಸಿದರೂ ಅವರು ಕೋಪಗೊಳ್ಳುತ್ತಿರಲಿಲ್ಲ. ಹಾಗೆ ಐದಾರು ವರ್ಷ ಒಂದು ಕಲೆಯಿಲ್ಲದೆ ಕಳೆದವು.

ಎಂಬತ್ತರ ದಶಕ ಕಾಲಿಟ್ಟಾಗ ಗೀರುಗಳು ಕಾಣಿಸಿಕೊಂಡವು. ಮೊದಲನೆಯದು ಎಡಗಡೆಯ ಬಾಗಿಲಿನ ಮೇಲೆ, ಸೂಜಿ ಎಳೆದಷ್ಟು ತೆಳ್ಳಗೆ. ಸಂತೆಯ ದಿನ ಯಾರದೋ ಸೈಕಲ್ಲು ತಾಕಿರಬೇಕೆಂದರು. ಎರಡನೆಯದು ಎಡಗಡೆಯ ಮಡ್‌ಗಾರ್ಡಿನ ಮೇಲೆ. ನಮ್ಮ ಗೇಟಿನ ಕಂಬ ಮಳೆಗಾಲದಲ್ಲಿ ವಾಲಿದೆ ಎಂದು ಗೌಂಡಿಯನ್ನು ಕರೆಸಿ ಕಂಬವನ್ನೇ ಕೀಳಿಸಿ ಮತ್ತೆ ನೆಡಿಸಿದರು. ಮೂರನೆಯದು, ನಾಲ್ಕನೆಯದು. ಅದೇ ದಿನಗಳಲ್ಲಿ, ಊಟಕ್ಕೆ ಕೂತಾಗ ಅವರ ಎಡಕ್ಕೆ ಇಟ್ಟ ನೀರಿನ ತಂಬಿಗೆ ಮೇಲಿಂದ ಮೇಲೆ ಉರುಳತೊಡಗಿತ್ತು. ಕೇಸಿನ ಚಿಂತೆಯಲ್ಲಿ ಮನೆಯ ಮೇಲೆ ಲಕ್ಷ್ಯವಿಲ್ಲ ಎಂದು ನಾನು ಗದರುತ್ತಿದ್ದೆ. ಅವರು ತಪ್ಪಿತಸ್ಥರಂತೆ ಮುಗುಳ್ನಕ್ಕು ನೆಲ ಒರೆಸಲು ಏಳುತ್ತಿದ್ದರು.

ಬಣ್ಣ ಹಚ್ಚಿಸಲು ಬಿಟ್ಟಿದ್ದ ಕಾರನ್ನು ನೋಡಲು ಶಾಲೆಯಿಂದ ಬರುವಾಗ ಒಮ್ಮೆ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಹೊರಬಂದು, ನನ್ನನ್ನು ಕಾರಿನ ಬಲಗಡೆಗೆ ಕರೆದೊಯ್ದು ತೋರಿಸಿದ. ಅಲ್ಲಿ ಒಂದು ಗೀರೂ ಇರಲಿಲ್ಲ. ಆಮೇಲೆ ಎಡಗಡೆಗೆ ಕರೆತಂದು, ಹೆಬ್ಬೆರಳಿನಿಂದ ಒಂದೊಂದೇ ಗೀರನ್ನು ಮುಟ್ಟುತ್ತ ಹೋದ. ಸ್ಟಿಯರಿಂಗು ನೋಡಿದ್ದನಂತೆ, ಚಕ್ರಗಳ ನೇರ ನೋಡಿದ್ದನಂತೆ, ಕನ್ನಡಿಯನ್ನೂ ಬದಲಿಸಿದ್ದನಂತೆ. ಕೊನೆಗೆ, ಅತ್ತಿಗೆಯೆಂಬ ಸಲಿಗೆಯಲ್ಲಿ ದನಿ ತಗ್ಗಿಸಿ ಹೇಳಿದ: "ವೈನಿ, ಗಾಡಿ ಬರೋಬ್ಬರಿ ಐತಿ. ಸಾಹೇಬ್ರ ಕಣ್ಣು ಒಮ್ಮೆ ತೋರಿಸ್ರಿ."

ನನಗೆ ಸಿಟ್ಟು ಬಂತು. ಸೂಕ್ಷ್ಮ ಅಕ್ಷರದ ದಸ್ತಾವೇಜುಗಳನ್ನು ಕನ್ನಡಕವಿಲ್ಲದೆ ಓದುವ ಮನುಷ್ಯನ ಕಣ್ಣಿನ ಮೇಲೆ ಒಬ್ಬ ಮಿಸ್ತ್ರಿ ಸಂಶಯಪಡುವುದೆ ಎಂದುಕೊಂಡೆ. ಮನೆಗೆ ಬರುವಷ್ಟರಲ್ಲಿ ಸಿಟ್ಟು ಇಳಿದು ಭಯ ಹುಟ್ಟಿತು. ಆದರೂ ಹೇಳಲಿಲ್ಲ. ಇವತ್ತು ಕೇಸು ಸೋತು ಬಂದಿದ್ದಾರೆ, ಇವತ್ತು ಗೆದ್ದು ಬಂದ ಉತ್ಸಾಹದಲ್ಲಿದ್ದಾರೆ ಎಂದು ನೆಪಗಳನ್ನು ಹೊಂದಿಸಿಕೊಳ್ಳುತ್ತ ಮೂರು ವಾರ ದೂಡಿದೆ. ತಮ್ಮ ಜಾಗರೂಕತೆಯ ಬಗ್ಗೆ ಅವರಿಗಿದ್ದ ಸಣ್ಣ ಹೆಮ್ಮೆಯನ್ನು ನನ್ನ ಕೈಯಾರೆ ಮುರಿಯಲು ನನಗೆ ಧೈರ್ಯ ಸಾಲಲಿಲ್ಲ. ಪ್ರೀತಿ ಎಂದು ನಾವು ಕರೆದುಕೊಳ್ಳುವ ವಸ್ತುವಿನಲ್ಲಿ ಹೇಡಿತನದ ಪಾಲೆಷ್ಟು ಎಂದು ಅಳೆಯುವ ತಕ್ಕಡಿ ಎಲ್ಲಿ ಸಿಗುತ್ತದೆ, ಹೇಳಿ.

ಆ ಭಾನುವಾರ ಗುಂಜಿಯಲ್ಲಿ ಅವರ ಕಕ್ಷಿದಾರರೊಬ್ಬರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಮುಂಜಾನೆಯ ಊಟ ಮುಗಿಸಿಯೇ ಹೊರಟು ಖಾನಾಪುರ ದಾಟಿದೆವು. ಮುಂದೆ ಕಾಡು ರಸ್ತೆಯ ಎರಡೂ ಬದಿಗೆ ಹತ್ತಿರ ಬರುತ್ತದೆ. ಬಿಸಿಲು ಚೆನ್ನಾಗಿತ್ತು, ರಸ್ತೆ ನೇರವಾಗಿತ್ತು. ಎಡಗಡೆಯ ಕಾಲುದಾರಿಯಿಂದ ಕುರಿಹಿಂಡೊಂದು ಇಳಿದು ಬರುತ್ತಿತ್ತು. ಹಿಂಡಿನ ಮುಂದೆ ಕಂಬಳಿ ಹೊದ್ದ ಕುರುಬನೊಬ್ಬ ರಸ್ತೆಯ ಅಂಚಿಗೆ ಬಂದು ನಿಂತು, ನಮಗೆ ನಿಲ್ಲುವಂತೆ ಕೋಲೆತ್ತಿ ತೋರಿಸಿದ. ನಾನು ಅವನನ್ನು ದೂರದಿಂದಲೇ ಕಂಡೆ. ನಮ್ಮವರೂ ಕಂಡಿದ್ದಾರೆಂದು ತಿಳಿದೆ. ಎತ್ತಿನ ಗಾಡಿಗೂ ದಾರಿ ಬಿಡುವ ಮನುಷ್ಯ, ಇನ್ನೇನು ವೇಗ ತಗ್ಗಿಸುತ್ತಾರೆ, ಇನ್ನೇನು ತಗ್ಗಿಸುತ್ತಾರೆ ಎಂದುಕೊಳ್ಳುತ್ತಿರುವಾಗ ಕಾರು ಅದೇ ಸಮಗತಿಯಲ್ಲಿ ಹೋಗುತ್ತಲೇ ಇತ್ತು. ನಾನು ಚೀರಿದೆ. ಅವರು ಬ್ರೇಕು ತುಳಿದರು. ಪುಣ್ಯಕ್ಕೆ ಆ ಬ್ರೇಕು ಒಳ್ಳೆಯ ಸ್ಥಿತಿಯಲ್ಲಿತ್ತು. ಆದರೂ ಎಡಗಡೆಯ ಮಡ್‌ಗಾರ್ಡು ಕುರುಬನ ತೋಳಿಗೆ ಬಡಿದು ಅವನು ಚರಂಡಿಗೆ ಉರುಳಿದ. ಕುರಿಗಳು ಕಾಡಿನತ್ತ ಚೆದುರಿದವು.

ಅವನ ಹೆಸರು ಮಾಯಪ್ಪ. ಮೊಣಕೈ ಮುರಿದಿತ್ತು. ಹಿಂಡಿನ ಹಿಂದೆ ಬರುತ್ತಿದ್ದ ಅವನ ಹೆಂಡತಿ ಲಗಮವ್ವ ಓಡಿಬಂದಳು. ನಮ್ಮವರು ಸ್ಟಿಯರಿಂಗ್ ಮುಟ್ಟಲೂ ಒಲ್ಲೆನೆಂದರು. ಖಾನಾಪುರದ ಕಡೆ ಹೊರಟಿದ್ದ ಬಸ್ಸನ್ನು ನಾನು ರಸ್ತೆಯ ನಡುವೆ ನಿಂತು ತಡೆದೆ. ಲಗಮವ್ವ ಕುರಿಗಳನ್ನೂ ನಮ್ಮ ಕಾರನ್ನೂ ಕಾಯುತ್ತ ಮರದಡಿ ಉಳಿದಳು. ನಾವಿಬ್ಬರೂ ಮಾಯಪ್ಪನನ್ನು ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು.

ಬಸ್ಸಿನಲ್ಲಿ ನಮ್ಮವರು ಅವನಿಗೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು, ತನಗೆ ಕಾಣಲಿಲ್ಲ ಎಂದು. ಮಾಯಪ್ಪ ನೋವಿನಲ್ಲೂ ಅವರ ಮುಖವನ್ನೇ ನೋಡುತ್ತಿದ್ದ. ಬೈಯಲಿಲ್ಲ. ಬಸ್ಸಿಳಿಯುವಾಗ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಸುಳ್ಳ ಹೇಳಾಕತ್ತಿಲ್ಲ ಯವ್ವಾ ಅವ್ರು. ನನ್ನ ಕಡೆ ನೋಡಿದ್ರು ಖರೇ, ಆದ್ರ ಅವ್ರ ಕಣ್ಣಾಗ ನಾ ಇದ್ದಿದ್ದಿಲ್ಲ."

ಒಳಗೆ ಮಾಯಪ್ಪನ ಕೈಗೆ ಪಟ್ಟಿ ಕಟ್ಟುತ್ತಿರುವಾಗ, ಆಸ್ಪತ್ರೆಯ ಜಗಲಿಯ ಮೇಲೆ ಕೂತು ನಾನು ಮಿಸ್ತ್ರಿ ಹೇಳಿದ್ದನ್ನೆಲ್ಲ ಅವರ ಮುಂದಿಟ್ಟೆ. ಯಾವಾಗ ಹೇಳಿದ್ದ ಎಂದು ಕೇಳಿದರು. ಮೂರು ವಾರವಾಯಿತೆಂದೆ. ಅವರು ಎದ್ದು, ಪೊಲೀಸ್ ಠಾಣೆಗೆ ನಡೆದುಹೋಗಿ, ನಡೆದದ್ದನ್ನು ಒಂದಕ್ಷರ ಬಿಡದೆ ತಮ್ಮ ವಿರುದ್ಧ ತಾವೇ ಬರೆದುಕೊಟ್ಟು ಬಂದರು.

ಮರುದಿನ ಬೆಳಗಾವಿಯ ಕಣ್ಣಿನ ವೈದ್ಯರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದಾಗ ಅವರು ಕೊನೆಯ ಸಾಲಿನವರೆಗೆ ತಡವರಿಸದೆ ಓದಿದರು. ನನಗೆ ಜೀವ ಬಂದಂತಾಯಿತು. ಆಮೇಲೆ ವೈದ್ಯರು ಎದುರಿಗೆ ಕೂತು, "ನನ್ನ ಮೂಗನ್ನಷ್ಟೇ ನೋಡುತ್ತಿರಿ, ಪಕ್ಕದಲ್ಲಿ ಬೆರಳು ಆಡಿಸಿದಾಗ ಹೇಳಿ" ಎಂದರು. ನಮ್ಮವರು ಆಜ್ಞಾಧಾರಕ ವಿದ್ಯಾರ್ಥಿಯಂತೆ ನೆಟ್ಟಗೆ ಕೂತು ಕಾದರು. ಸ್ವಲ್ಪ ಹೊತ್ತಿನ ಮೇಲೆ, ಶುರು ಮಾಡಿರಿ ಡಾಕ್ಟರ್ ಎಂದರು. ಹಿಂದೆ ನಿಂತಿದ್ದ ನನಗೆ ಕಾಣುತ್ತಿತ್ತು: ವೈದ್ಯರ ಬೆರಳುಗಳು ಆಗಿನಿಂದಲೂ ಆಡುತ್ತಲೇ ಇದ್ದವು.

ಕಣ್ಣಿನೊಳಗಿನ ಒತ್ತಡ ಹೆಚ್ಚಿ, ಅಂಚಿನ ನೋಟವನ್ನು ಸದ್ದಿಲ್ಲದೆ ತಿಂದುಹಾಕಿತ್ತು. ಎಡಕ್ಕೆ ಬಹುಪಾಲು ಹೋಗಿತ್ತು. ನೋವಿಲ್ಲ, ಮಬ್ಬಿಲ್ಲ, ನಡುವಿನ ನೋಟ ಸ್ವಚ್ಛವಾಗಿರುತ್ತದೆ. ಹೀಗಾಗಿ ರೋಗಿಗೇ ಗೊತ್ತಾಗುವುದಿಲ್ಲ. ಹೋದದ್ದು ತಿರುಗಿ ಬಾರದು, ದಿನವೂ ಹನಿ ಹಾಕಿಕೊಂಡರೆ ಇದ್ದದ್ದು ಉಳಿದೀತು ಎಂದರು. ನೀರು, ಎಣ್ಣೆ, ಗಾಳಿ, ಬ್ರೇಕು ಎಲ್ಲವನ್ನೂ ತಪ್ಪದೆ ಪರೀಕ್ಷಿಸುತ್ತಿದ್ದ ನಮ್ಮ ಮನೆಯಲ್ಲಿ, ನಡೆಸುವವನ ಕಣ್ಣನ್ನು ಪರೀಕ್ಷಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಲವತ್ತು ದಾಟಿದವರು ಕಾರು ಕೊಳ್ಳುವುದಾದರೆ ಗ್ಯಾರೇಜಿಗಿಂತ ಮೊದಲು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು ಎಂದು ನಾನು ಈಗ ಹೇಳುವುದು ಆ ಕೋಣೆಯಲ್ಲಿ ಕಲಿತ ಪಾಠ.

ಒಂದು ವಾರ ಅವರು ಬೇಕಾದಷ್ಟೇ ಮಾತಾಡಿದರು. ನನ್ನ ಮೇಲಿನ ಮುನಿಸೋ, ತಮ್ಮ ಮೇಲಿನದೋ ನನಗೆ ತಿಳಿಯಲಿಲ್ಲ. ಒಂದು ಸಂಜೆ, ಹನಿ ಹಾಕಿಸಿಕೊಳ್ಳಲು ತಲೆ ಹಿಂದಕ್ಕೆ ಚೆಲ್ಲಿ ಕೂತವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ನೀ ಹೇಳಿದ್ರ ನಾ ಒಪ್ಪತಿದ್ದಿಲ್ಲ. ಆದ್ರೂ ಹೇಳಬೇಕಿತ್ತು." ನಾನು ಹೌದೆಂದೆ. ಅದರ ಮೇಲೆ ಆ ವಿಷಯ ನಮ್ಮ ನಡುವೆ ಬರಲಿಲ್ಲ.

ಗುಂಜಿಯ ದಾರಿಯಿಂದ ಮಿಸ್ತ್ರಿಯೇ ತಂದು ನಿಲ್ಲಿಸಿದ್ದ ಕಾರನ್ನು ಮಾರಲು ಗಿರಾಕಿ ಹುಡುಕೆಂದು ಅವನಿಗೇ ಹೇಳಿಕಳಿಸಿದರೆ, ಆತ ಗಿರಾಕಿಯ ಬದಲು ತಾನೇ ಬಂದು ಕಟ್ಟೆಯ ಮೇಲೆ ಕೂತ. ಮಾರುವುದು ಬೇಡ, ವೈನಿ ಕಲಿಯಲಿ ಎಂದ. ನನಗಾಗ ನಲವತ್ತಮೂರು, ಸೈಕಲ್ಲನ್ನೂ ಹತ್ತಿದವಳಲ್ಲ. ಆದರೂ ಊರಾಚೆಯ ಬಯಲಿನಲ್ಲಿ ಪಾಠ ಶುರುವಾಯಿತು. ಮಿಸ್ತ್ರಿ ಮೊದಲ ಎರಡು ದಿನ ಓಡಿಸುವುದನ್ನು ಕಲಿಸಲೇ ಇಲ್ಲ, ನಿಲ್ಲಿಸುವುದನ್ನು ಕಲಿಸಿದ. ನಮ್ಮವರು ಹಿಂದಿನ ಸೀಟಿನಲ್ಲಿ ಕೂತು ಕಿವಿಯಿಂದಲೇ ಕಲಿಸಿದರು; ಎಂಜಿನ್ನು ಗೊಣಗಿದರೆ ಗೇರು ಇಳಿಸು, ಅರಚಿದರೆ ಏರಿಸು ಎನ್ನುತ್ತಿದ್ದರು. ಎಷ್ಟು ಸಲ ಎಂಜಿನ್ನು ಬಂದ್ ಆಯಿತೋ, ಎಷ್ಟು ಸಲ ನಾನು ಅತ್ತೆನೋ ಲೆಕ್ಕವಿಲ್ಲ. ಮಿಸ್ತ್ರಿಯ ಒಂದು ಮಾತನ್ನು ಮಾತ್ರ ಎಂದೂ ಮರೆತಿಲ್ಲ: "ಎದುರಿನಾಂವ ನಮ್ಮನ್ನ ನೋಡ್ಯಾನ ಅಂತ ತಿಳೀಬ್ಯಾಡ್ರಿ. ನೋಡಿಲ್ಲ ಅಂತನ ತಿಳದ ಗಾಡಿ ಹೊಡೀರಿ." ಇದಕ್ಕೆ ನಾನು ನನ್ನದೊಂದನ್ನು ಸೇರಿಸಿಕೊಂಡಿದ್ದೇನೆ. ಪಕ್ಕದಲ್ಲಿ ಕೂತವರು, ನಡೆಸುವವರು ಕಂಡಿದ್ದಾರೆಂದು ತಿಳಿದು ಸುಮ್ಮನಿರಬಾರದು. ಕಂಡದ್ದನ್ನು ಹೇಳಬೇಕು, ಬೈಸಿಕೊಂಡರೂ ಹೇಳಬೇಕು.

ಲೈಸೆನ್ಸು ಕೈಗೆ ಬಂದ ಮೇಲೆ ಮೊದಲು ಹೋದದ್ದು ಗುಂಜಿಯ ದಾರಿಗೆ, ಮಾಯಪ್ಪನನ್ನು ನೋಡಲು. ಕೈ ಕೂಡಿತ್ತು, ಆದರೆ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಅದನ್ನು ಮುಚ್ಚಿಡದೆ ನಮಗೆ ಮಡಚಿ ತೋರಿಸಿದ. ನಮ್ಮವರು ಆ ಕೈಯನ್ನು ಹಿಡಿದುಕೊಂಡರು. ತಮ್ಮ ಕಣ್ಣಿನ ಸಂಗತಿಯನ್ನು ತಾವೇ ಹೇಳಿದರು. ಲಗಮವ್ವ ಮಜ್ಜಿಗೆ ಕೊಟ್ಟಳು. ಮಾಯಪ್ಪ, ತನ್ನ ಹಿಂಡಿನಲ್ಲೂ ಒಂದು ಕುರಿಗೆ ಒಂದು ಕಡೆ ಕಾಣುವುದಿಲ್ಲ, ಅದನ್ನು ಯಾವಾಗಲೂ ನಡುವೆ ಬಿಟ್ಟುಕೊಂಡು ನಡೆಯುತ್ತೇವೆ ಎಂದ. ಅದನ್ನು ಅವನು ಸಮಾಧಾನಕ್ಕೆಂದು ಹೇಳಿದನೋ, ಸುಮ್ಮನೆ ಸುದ್ದಿಯೆಂದು ಹೇಳಿದನೋ ಗೊತ್ತಿಲ್ಲ. ನಮ್ಮವರು ಅನೇಕ ವಾರಗಳ ನಂತರ ನಕ್ಕರು.

ತಿರುಗಿ ಬರುವಾಗ, ಅವನ ಮನೆಯಿಂದ ಸ್ವಲ್ಪ ದೂರದಲ್ಲಿ, ಮೇಯಿಸಿ ಬರುತ್ತಿದ್ದ ಇನ್ನೊಂದು ಹಿಂಡು ರಸ್ತೆ ತುಂಬ ಎದುರಾಯಿತು. ನಾನು ಕಾರನ್ನು ನಿಲ್ಲಿಸಿ ಎಂಜಿನ್ನನ್ನೂ ಆರಿಸಿದೆ. ಕುರಿಗಳು ಕಾರಿನ ಮುಂದೆ ಇಬ್ಭಾಗವಾಗಿ ಎರಡೂ ಬದಿಯಿಂದ ಹರಿದು ಹೋಗತೊಡಗಿದವು. ಗೊರಸಿನ ಸದ್ದು, ಧೂಳು, ಉಣ್ಣೆಯ ಬೆಚ್ಚನೆಯ ವಾಸನೆ. ನನ್ನ ಎಡಕ್ಕೆ ಕೂತಿದ್ದ ನಮ್ಮವರು ಗಾಜು ಇಳಿಸಿ ಕೈ ಹೊರಗೆ ಚಾಚಿದರು. ಅವರ ದೃಷ್ಟಿ ನೇರ ರಸ್ತೆಯ ಮೇಲೆಯೇ ಇತ್ತು. ಕೈ ಮಾತ್ರ ಹಾದುಹೋಗುವ ಒಂದೊಂದು ಬೆನ್ನನ್ನೂ ಸವರುತ್ತಿತ್ತು, ತುಟಿ ಮೆಲ್ಲಗೆ ಅಲುಗುತ್ತಿತ್ತು. ಕೊನೆಯ ಮರಿಯೂ ಹೋದಮೇಲೆ ಕೈ ಒಳಗೆಳೆದುಕೊಂಡರು.

"ನನ್ನ ಬಾಜೂಕ ಇಪ್ಪತ್ತಾರು ಹೋದವು," ಎಂದರು. "ನಿನ್ನ ಬಾಜೂಕ?"

ನಾನು ಎಣಿಸಿರಲಿಲ್ಲ. ಅಷ್ಟು ಹೊತ್ತೂ ಅವರನ್ನೇ ನೋಡುತ್ತಿದ್ದೆ.