ಮಧುಲತಾಗೆ ಕೈ ಬಂದ ಕತೆ

ಮಧುಲತಾ ತನ್ನ ಗಂಡ ಭುಜಂಗನ ಮೂಗು ಒಡೆದಳು. ಒಡೆದದ್ದು ಟಿವಿಯಲ್ಲಲ್ಲ, ಅಮೀರ್‌ಪೇಟೆಯ ಒಂದು ಲೇಡೀಸ್ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ, ಚಪಾತಿ ಲಟ್ಟಿಸುತ್ತಿದ್ದ ಉಮಾಶ್ರೀಯ ಬಾಯಲ್ಲಿ. ಟಿವಿಯಲ್ಲಿ ಆ ಮಹಾತಾಯಿ ಮೂರು ವರ್ಷದಿಂದ ಹೊಡೆಸಿಕೊಳ್ಳುತ್ತಲೇ ಇದ್ದಳು. ಧಾರಾವಾಹಿ ತೆಲುಗಿನದು, ಕನ್ನಡದಲ್ಲೂ ಡಬ್ಬಾಗಿ ಬರುತ್ತಿತ್ತು. ಎರಡು ಭಾಷೆಯಲ್ಲೂ ಏಟು ಒಂದೇ. ಕೆನ್ನೆಗೆ ಬಿದ್ದರೆ ಕ್ಯಾಮೆರಾ ಗರ್ರನೆ ತಿರುಗುತ್ತಿತ್ತು, ಹಿಂದೆ ಪಿಟೀಲು ಅಳುತ್ತಿತ್ತು, ಮರುಕ್ಷಣ ಅವಳು ಕಣ್ಣೊರೆಸಿಕೊಂಡು ಅದೇ ಗಂಡನಿಗೆ ಬಾದಾಮಿ ಹಾಲು ತರುತ್ತಿದ್ದಳು. ಮುಡಿದ ಮಲ್ಲಿಗೆ ಒಂದೂ ಉದುರುತ್ತಿರಲಿಲ್ಲ. ನೋಡುವವರಿಗೆ ಮೈ ಉರಿಯದೆ ಇನ್ನೇನಾದೀತು ಹೇಳಿ!

ಆ ಅಡುಗೆಮನೆಯಲ್ಲಿ ಹಿಂದಿನ ದಿನದ ಕಂತನ್ನು ಬೆಳಿಗ್ಗೆ ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿಟ್ಟು ನೋಡುವುದು ರೂಢಿ. ಮೂವರು ಹೆಂಗಸರು. ಒಲೆಯ ಮುಂದೆ ಕಲಬುರಗಿಯ ಶರಣಬಸಮ್ಮ, ಹಿರಿಯಳು, ತೆಲುಗೂ ಬಲ್ಲವಳು, ಎಲ್ಲರಿಗೂ ಜೋರು ಮಾಡುವವಳು. ತರಕಾರಿ ಹೆಚ್ಚುವುದಕ್ಕೆ ನಲ್ಗೊಂಡದ ಯಾದಮ್ಮ. ಅವಳ ಮಾತು ತೆಲುಗು, ಆದರೆ ಇವರ ಜೊತೆ ಇದ್ದು ಇದ್ದು ಕನ್ನಡ ಕಿವಿಗೆ ಹತ್ತಿತ್ತು. ಮೂರನೆಯವಳು ಅಫಜಲಪುರದ ಕಡೆಯ ಉಮಾಶ್ರೀ. ಆ ದಿನ ಬಾದಾಮಿ ಹಾಲು ಬಂದದ್ದೇ ಉಮಾಶ್ರೀ ಲಟ್ಟಣಿಗೆಯನ್ನು ಮಣೆಗೆ ಕುಕ್ಕಿದಳು.

"ಥೂ, ಇವ್ರ ಬಾಯಾಗ ಮಣ್ಣ ಹಾಕ! ಅದು ಹಂಗ ಆಗಿಲ್ಲ. ಸುಳ್ಳ ತೋರಸಾಕತ್ತಾರ."

"ಮತ್ತ ಹೆಂಗ ಆತು? ನೀ ನೋಡೀಯೇನು?" ಎಂದಳು ಶರಣಬಸಮ್ಮ, ಚೇಷ್ಟೆಗೆ.

"ಆಕಿ ಹಾಲು ಕಾಸಿದ್ಳು, ಖರೆ. ಕುಡಿಯಾಕ ಕೊಡ್ಲಿಲ್ಲ. ಕುದಿಯೂ ಹಾಲು ಮಾರಿಗೆ ಉಗ್ಗಿದ್ಳು. ಅಂವ ಕಣ್ಣ ಮುಚಗೊಂಡು ಚೀರಾಕತ್ತಿದ. ಆಕಿ ಬಿಡ್ಲಿಲ್ಲ. ಲಟ್ಟಣಗಿ ತಗೊಂಡು ಮೂಗಿನ ಮ್ಯಾಲ ಒಂದು ಕೊಟ್ಳು ನೋಡು, ಟಕ್ ಅಂತು!"

ಯಾದಮ್ಮ ಬದನೆಕಾಯಿ ಕೆಳಗಿಟ್ಟು ಮುಂದೆ ಸರಿದಳು. "ತರ್ವಾತ? ಚೆಪ್ಪು ಅಕ್ಕಾ, ಚೆಪ್ಪು!" ಆಮೇಲೆ? ಹೇಳು, ಹೇಳು.

ಈ 'ಚೆಪ್ಪು' ಎಂಬ ಮಾತಿಗೂ ಉಮಾಶ್ರೀಗೂ ಒಂದು ಹಳೆಯ ಲೆಕ್ಕವಿತ್ತು. ಊರಿಂದ ಈ ತೆಲುಗು ಶಹರಕ್ಕೆ ಬಂದ ಹೊಸತರಲ್ಲಿ ಅವಳಿಗೆ ತೆಲುಗು ಒಂದಕ್ಷರ ಗೊತ್ತಿರಲಿಲ್ಲ. ಹಾಸ್ಟೆಲ್ಲಿನ ಒಡತಿ ಮೊದಲ ದಿನವೇ "ಚೆಪ್ಪುಲು ಬಯಟ" ಎಂದು ಬೆರಳು ತೋರಿಸಿ, ಚಪ್ಪಲಿ ಅಡುಗೆಮನೆಯ ಹೊರಗೆ ಬಿಡಬೇಕೆಂದು ತಿಳಿಸಿದ್ದಳು. ಹಾಗಾಗಿ ಚೆಪ್ಪು ಅಂದರೆ ಚಪ್ಪಲಿ, ಅಷ್ಟೇ. ವಾರದೊಳಗೆ ಅವಳು ಒಂದು ಕಣ್ಣು ಬಾತುಕೊಂಡು, ತುಟಿ ಸೀಳಿಕೊಂಡು ಕೆಲಸಕ್ಕೆ ಬಂದಳು. ಒಡತಿ ಗಾಬರಿಯಾಗಿ ಕೇಳಿದಳು: "ಏಮೈಂದಿ? ಚೆಪ್ಪು!" ಏನಾಯಿತು, ಹೇಳು ಎಂದು ಅವಳ ಕೇಳಿಕೆ. ಉಮಾಶ್ರೀ ಪಾಪ, ನಾಲಗೆ ಕಚ್ಚಿಕೊಂಡು ಬಾಗಿಲಿಗೆ ಓಡಿ, ಕಾಲಲ್ಲಿದ್ದ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಬಂದು ತಲೆ ತಗ್ಗಿಸಿ ನಿಂತಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುವಿನಲ್ಲಿ ಕಣ್ಣಿನ ಬಾವು ಯಾರಿಗೂ ನೆನಪಾಗಲಿಲ್ಲ, ಒಡತಿಯೂ ಮತ್ತೆ ಕೇಳಲಿಲ್ಲ.

ಕಣ್ಣು ಬಾತದ್ದು ಗಂಡ ಚನ್ನುವಿನ ಕೈಯಿಂದ. ಚನ್ನು ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸದವನು, ಕಾಂಕ್ರೀಟು ಸುರಿಯುವ ಮೊದಲು ಹಲಗೆ ಬಡಿದು ಅಚ್ಚು ಕಟ್ಟುವವನು. ಹೊರಗಿನವರಿಗೆ ಬೆಣ್ಣೆಯಂಥ ಮನುಷ್ಯ. ಯಾರು ಕರೆದರೂ "ಬಂದೆರಿ" ಎಂದು ಓಡುವವನು. ಕೆಲಸಗಾರರ ಸಾಲಿನ ತನ್ನ ಶೆಡ್ಡಿನೊಳಗೆ ಬಂದು ತಗಡಿನ ಬಾಗಿಲು ಎಳೆದುಕೊಂಡನೋ, ಆ ಬೆಣ್ಣೆ ಎಲ್ಲಿ ಹೋಗುತ್ತಿತ್ತೋ ಶಿವನೇ ಬಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಏಟು, ಕಡಿಮೆಯಾದರೆ ಏಟು, ಸರಿಯಾಗಿದ್ದರೆ "ಯಾರಿಗೆ ಇಷ್ಟು ಚೊಲೊ ಮಾಡೀದಿ" ಎಂದು ಏಟು. ಕಣ್ಣಿನ ಸುದ್ದಿ ಹಾಸ್ಟೆಲ್ಲಿಗೆ ಮುಟ್ಟಿತೆಂದು ಗೊತ್ತಾದ ಮೇಲೆ ಬುದ್ಧಿವಂತನಾದ. ಮುಖ ಬಿಟ್ಟ, ಬೆನ್ನು ಹಿಡಿದ. ಕೈ ನೋಯುತ್ತದೆಂದು ಒಂದು ಸೆಂಟ್ರಿಂಗ್ ಪಟ್ಟಿ ತಂದು ಬಾಗಿಲ ಸಂದಿಯಲ್ಲಿಟ್ಟ. ಮೊಳಕ್ಕಿಂತ ಉದ್ದದ ಕಟ್ಟಿಗೆ, ತುದಿಯಲ್ಲಿ ಕೀಳದೆ ಉಳಿದ ಎರಡು ಮೊಳೆ. ಮೊದಲ ವರ್ಷ ಉಮಾಶ್ರೀ ಅಳುತ್ತಿದ್ದಳು. ಆಮೇಲೆ ಅಳುವುದನ್ನೂ ಬಿಟ್ಟಳು.

ಅವಳಿಗೆ ಉಳಿದದ್ದು ಮಧುಲತಾ ಒಬ್ಬಳೇ. ದಿನಾ ಬೆಳಿಗ್ಗೆ ಟಿವಿಯವರು ಕೆಡಿಸಿದ್ದನ್ನು ಉಮಾಶ್ರೀ ಸರಿ ಮಾಡುತ್ತಿದ್ದಳು. ಟಿವಿಯಲ್ಲಿ ಭುಜಂಗ ಕೂದಲು ಹಿಡಿದೆಳೆದರೆ ಅಡುಗೆಮನೆಯಲ್ಲಿ ಅವನ ಬೆರಳು ಮುರಿಯುತ್ತಿತ್ತು. ಟಿವಿಯಲ್ಲಿ ಅತ್ತೆ ಕಾದ ಸೌಟಿನಿಂದ ಬರೆ ಹಾಕಿದರೆ ಇಲ್ಲಿ ಆ ಸೌಟು ಅತ್ತೆಯ ಅಂಗೈಗೇ ತಿರುಗುತ್ತಿತ್ತು. ರಕ್ತ ಬಂತು, ಹಲ್ಲು ಉದುರಿತು, ಪಕ್ಕೆಲುಬು ಲಟಕ್ ಅಂತು. ಕೇಳುತ್ತ ಕೇಳುತ್ತ ಶರಣಬಸಮ್ಮನ ಸೌಟು ಪಾತ್ರೆಯ ಅಂಚಿಗೆ ಧಡ್ ಧಡ್ ಎಂದು ಬಡಿಯುತ್ತಿತ್ತು. ಆ ದಿನಗಳಲ್ಲಿ ಚಪಾತಿ ಭಾಳ ಮೆತ್ತಗಾಗುತ್ತವೆ ಎಂದು ಹಾಸ್ಟೆಲ್ಲಿನ ಹುಡುಗಿಯರು ಹೊಗಳುತ್ತಿದ್ದರು!

ಆ ಹುಡುಗಿಯರಲ್ಲೊಬ್ಬಳು ಮೈಸೂರಿನ ಕೃಪಾ, ಸಾಫ್ಟ್‌ವೇರ್ ಕೋರ್ಸಿಗೆ ಬಂದವಳು. ಬಿಸಿನೀರಿಗೆಂದು ಬಂದವಳು ಬಾಟಲಿ ಹಿಡಿದುಕೊಂಡೇ ನಿಂತುಬಿಟ್ಟಳು.

"ಆಂಟಿ, ನೀವು ಮಾಡ್ತಿರೋದಕ್ಕೆ ಹೆಸರಿದೆ ಗೊತ್ತಾ? ಫ್ಯಾನ್ ಫಿಕ್ಷನ್. ನಾನೂ ಬರೀತೀನಿ."

ಉಮಾಶ್ರೀ ತಲೆಯೆತ್ತಿ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದಳು. ಕೃಪಾ ನಕ್ಕು ಬಿಡಿಸಿ ಹೇಳಿದಳು: ಒಬ್ಬರು ಹುಟ್ಟಿಸಿದ ಪಾತ್ರಗಳನ್ನು ಪ್ರೀತಿಸುವವರು, ತಮಗೆ ಬೇಕಾದ ಹಾಗೆ ಕತೆಯನ್ನು ಮುಂದುವರಿಸಿ, ತಮ್ಮಂಥವರಿಗೆ ಹಂಚುವುದು.

"ನೀವು ಯಾಕೆ ಮಾಡ್ತೀರಾ ಆಂಟಿ?"

"ಮತ್ತ ಯಾರು ಮಾಡ್ಬೇಕವ್ವ? ಅವ್ರು ಬಡಿಯೂದಷ್ಟ ತೋರಸ್ತಾರ. ಮರುದಿನ ಹಿಟ್ಟು ನಾದಾಕ ಕೈ ಏಳಂಗಿಲ್ಲ ಅನ್ನೂದು ತೋರಸಂಗಿಲ್ಲ. ಬಡಿಸ್ಕೊಂಡೋರು ಬರದದ್ದಲ್ಲ ಅದು, ಗೊತ್ತಾಕ್ಕೈತಿ." ಒಂದು ಉಂಡೆ ಒತ್ತಿ, ಮತ್ತೆ ಹೇಳಿದಳು: "ಆಕಿ ಹೊಡದ ದಿನ ನಂಗ ಅನ್ನ ಸೇರ್ತೈತಿ."

ಕೃಪಾ ಅವಳ ಧ್ವನಿಯನ್ನು ಫೋನಿಗೆ ಹಿಡಿದು, 'ಅಡುಗೆಮನೆಯ ಮಧುಲತಾ' ಎಂದು ಹೆಸರಿಟ್ಟು ಕತೆ ಹಂಚುವ ಆ್ಯಪೊಂದಕ್ಕೆ ಹಾಕತೊಡಗಿದಳು. ಕೇಳುವವರು ಬಂದರು, ಬಂದವರು ಬರೆದರು. ಬಳ್ಳಾರಿಯ ಒಬ್ಬಳು, "ನಾಳೆ ಕಾಲು ಮುರಿಸಿ ಅಕ್ಕ, ನಮ್ಮನೇಲಿ ಕಾಲಲ್ಲೇ ಒದೀತಾರೆ" ಎಂದಳು. ಇನ್ನೊಬ್ಬಳು, ಅಕ್ಕನ ಕತೆ ಕೇಳಿದ ದಿನ ತನಗೆ ನಿದ್ದೆ ಬರುತ್ತದೆ ಎಂದಿದ್ದಳು. ಕೃಪಾ ಓದಿ ಹೇಳಿದಾಗ ಉಮಾಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡು, ಮರುದಿನ ಭುಜಂಗನ ಮೊಣಕಾಲ ಚಿಪ್ಪನ್ನು ಕುಟ್ಟಾಣಿಯಿಂದ ಪುಡಿ ಮಾಡಿದಳು. ಹಾಸ್ಟೆಲ್ ತುಂಬ ಅವಳಿಗೆ ಮಧುಲತಕ್ಕ ಎಂದೇ ಹೆಸರು ಬಿತ್ತು. ಹುಟ್ಟಿದಾಗಿನಿಂದ ಅವಳ ಮಾತಿಗೆ ಹತ್ತು ಜನ ಕಿವಿಗೊಟ್ಟದ್ದು ಅದೇ ಮೊದಲು. ಇದೊಂದು ಹೋದರೆ ತಾನು ಬದುಕಲಾರೆ ಎಂದು ಅವಳಿಗೆ ಅನ್ನಿಸಿತ್ತು, ಹಾಗೆಂದು ಶರಣಬಸಮ್ಮನ ಮುಂದೆ ಬಾಯಿಬಿಟ್ಟು ಹೇಳಿಯೂ ಇದ್ದಳು.

ಒಂದು ದಿನ ತಪ್ಪು ಆಗಿಹೋಯಿತು. ಹಿಂದಿನ ದಿನ ಬೆನ್ನಿಗೆ ಜೋರಾಗಿಯೇ ಬಿದ್ದಿತ್ತು. ಹೇಳುವ ಆವೇಶದಲ್ಲಿ ಉಮಾಶ್ರೀ, "ಭುಜಂಗ ಬಾಗಲಾ ಮುಚ್ಚಿ, ಸಂದ್ಯಾಗಿಂದ ಸೆಂಟ್ರಿಂಗ್ ಪಟ್ಟಿ ತಗದ, ತುದೀಗೆ ಎರಡು ಮೊಳಿ" ಎಂದುಬಿಟ್ಟಳು.

"ಆಂಟಿ, ಭುಜಂಗ ಕೋಟ್ಯಧೀಶ," ಎಂದಳು ಕೃಪಾ. "ಅಂಥ ಬಂಗಲೇಲಿ ಸೆಂಟ್ರಿಂಗ್ ಪಟ್ಟಿ ಎಲ್ಲಿಂದ ಬಂತು?"

ಉಮಾಶ್ರೀಯ ಲಟ್ಟಣಿಗೆ ನಿಂತಿತು. ಯಾದಮ್ಮನೂ ಹೆಚ್ಚುವುದು ನಿಲ್ಲಿಸಿದಳು. ಶರಣಬಸಮ್ಮ ಒಲೆಯ ಕಡೆ ಮುಖ ಮಾಡಿಕೊಂಡೇ ಅಂದಳು: "ಮ್ಯಾಲ ಮನಿ ಕಟ್ಟಸಾಕತ್ತಿದ್ರು, ಬಿದ್ದಿತ್ತು. ಅದರಾಗೇನೈತಿ? ನೀ ಹಾಕವ್ವ ತಂಗಿ." ಕೃಪಾಳಿಗೆ ಆಗ ಅರ್ಥವಾಯಿತೋ ಇಲ್ಲವೋ, ಮುಖ ಕೆಂಪಗೆ ಮಾಡಿಕೊಂಡು ಹಾಕಿಬಿಟ್ಟಳು. ಪಟ್ಟಿ ಮೊಳೆಸಮೇತ ಊರೂರಿಗೆ ಹೋಯಿತು.

ಊರೂರಿಗೆ ಹೋದದ್ದು ಚನ್ನುವಿನ ಕಟ್ಟಡಕ್ಕೆ ಬರಲು ಎಷ್ಟು ಹೊತ್ತು? ಕಲಬುರಗಿ, ಯಾದಗಿರಿಯ ಹೆಂಗಸರು ಅಲ್ಲಿ ಇಟ್ಟಿಗೆ ಹೊರುತ್ತಾರೆ. ಊಟದ ಹೊತ್ತಿಗೆ ಅವರೂ ಕತೆ ಕೇಳುವವರೇ. ಧ್ವನಿ ಗುರುತು ಹಿಡಿದರು. ಪಟ್ಟಿಯನ್ನೂ ಗುರುತು ಹಿಡಿದರು. ತಗಡಿನ ಗೋಡೆ, ಪಕ್ಕದ ಶೆಡ್ಡಿಗೆ ಎಲ್ಲ ಕೇಳಿಸುತ್ತದೆ. ಮರುದಿನ ಮೂರನೇ ಮಹಡಿಯಿಂದ ಯಾರೋ ಕೂಗಿದರು: "ಏ ಭುಜಂಗಾ, ಒಂದು ಪಟ್ಟಿ ಕೊಡೋ ಮಾರಾಯಾ, ಮೊಳಿ ಇದ್ದದ್ದು!" ಇಡೀ ಕಟ್ಟಡ ನಕ್ಕಿತು. ಮೇಸ್ತ್ರಿಯೂ ನಕ್ಕ. ಚನ್ನುವಿನ ಮರ್ಯಾದೆ ಮೂರಾಬಟ್ಟೆಯಾಯಿತು. ಸುತ್ತಿಗೆ ಒಗೆದು, ಶೆಡ್ಡಿಗೆ ಹೋಗಿ ಪಟ್ಟಿ ತೆಗೆದುಕೊಂಡು, ನೆಟ್ಟಗೆ ಅಮೀರ್‌ಪೇಟೆಗೆ ನಡೆದ.

ಸಂಜೆಯ ಚಹಾದ ಹೊತ್ತು. ಹುಡುಗಿಯರು ಲೋಟ ಹಿಡಿದು ಸಾಲಾಗಿ ನಿಂತಿದ್ದರು, ಅವರ ಚಪ್ಪಲಿಗಳೆಲ್ಲ ನಿಯಮದಂತೆ ಬಾಗಿಲ ಹೊರಗೆ. ಚನ್ನು ಒಳಗೆ ಬಂದವನೇ ಡಬ್ಬಿಗೆ ಒರಗಿಸಿದ್ದ ಫೋನನ್ನು ಪಟ್ಟಿಯಿಂದ ಹೊಡೆದ. ಗಾಜು ಹಿಟ್ಟಿನೊಳಗೆ ಚೆಲ್ಲಿತು. ಅಡ್ಡ ಬಂದ ಶರಣಬಸಮ್ಮನನ್ನು ದೂಡಿದ. ಅವಳು ಚಹಾದ ಪಾತ್ರೆಗೆ ಬಡಿದು, ಮುಂಗೈ ಸುಟ್ಟುಕೊಂಡು ಬಿದ್ದಳು.

"ನಾನು ಭುಜಂಗ ಏನಲೇ? ಹಾಂ? ಊರಿಗೆಲ್ಲ ನನ್ನ ಕಥಿ ಹೇಳ್ತಿಯೇನು? ಇವತ್ತ ನಿನ್ನ ನಾಲಗಿನ ಕಿತ್ತ ಹಾಕ್ತೀನಿ!"

ಮೊದಲ ಏಟು ಭುಜಕ್ಕೆ. ಎರಡನೆಯದಕ್ಕೆ ಮೊಳೆ ರವಿಕೆಯ ತೋಳು ಹರಿದು ಮಾಂಸಕ್ಕೆ ಇಳಿಯಿತು. ಉಮಾಶ್ರೀ ತೆವಳುತ್ತ ಬಾಗಿಲು ದಾಟಿ ಚಪ್ಪಲಿಗಳ ನಡುವೆ ಬಿದ್ದಳು. ಚನ್ನು ಕಾಲಿನಿಂದ ಅವಳ ಕುತ್ತಿಗೆ ಮೆಟ್ಟಿದ. ಬಾಯಿಂದ ಉಸಿರು ಬರಲಿಲ್ಲ. ಇನ್ನು ಮುಗಿಯಿತು, ಇನ್ನು ಯಾರಿಗೂ ಏನೂ ಹೇಳಲಾರೆ ಎಂದು ಅವಳಿಗೆ ಅನ್ನಿಸಿದ್ದು ಆಗಲೇ.

"ಈಗ ಹೇಳಲೇ! ಮಧುಲತಾ ಮುಂದೇನ ಮಾಡಿದ್ಳು, ಹೇಳು!"

ಹಿಂದಿನಿಂದ ಯಾದಮ್ಮ ಗಂಟಲು ಹರಿಯುವಂತೆ ಕೂಗಿದಳು: "ಚೆಪ್ಪು! ಅಕ್ಕಾ, ಚೆಪ್ಪು!"

ಹೇಳು ಎಂದಳೋ, ಚಪ್ಪಲಿ ಎಂದಳೋ? ಆಮೇಲೆ ಕೇಳಿದರೆ ಯಾದಮ್ಮನಿಗೇ ಗೊತ್ತಿರಲಿಲ್ಲ, ಬಾಯಿಗೆ ಬಂತು, ಕೂಗಿದೆ ಎಂದಳು. ಉಮಾಶ್ರೀಗೆ ಮಾತ್ರ ಹೊಸತರಲ್ಲಿ ಕೇಳಿಸಿದಂತೆಯೇ ಕೇಳಿಸಿತು. ಕೈಗೆ ಸಿಕ್ಕಿದ್ದು ಯಾವುದೋ ಹುಡುಗಿಯ ಎತ್ತರದ ಹಿಮ್ಮಡಿಯ ಚಪ್ಪಲಿ. ಬೀಸಿದಳು. ಮೊಣಕಾಲಿಗೆ ಬಿದ್ದು ಕಾಲು ಸಡಿಲಾಯಿತು. ಅವನು ಬಗ್ಗಿದಾಗ ಎದ್ದು ಕೂತು, ಎರಡೂ ಕೈಯಿಂದ ಚಪ್ಪಲಿ ಹಿಡಿದು ಅವನ ಮುಖಕ್ಕೆ ಬಾರಿಸಿದಳು.

ಮೂಗು ಒಡೆದರೆ ಟಕ್ ಅನ್ನುವುದಿಲ್ಲ. ಎಳೆ ಬೆಂಡೆಕಾಯಿ ಮುರಿದಂತೆ ಸಣ್ಣಗೆ ಕೇಳಿಸುತ್ತದೆ. ಇಷ್ಟು ದಿನ ತಪ್ಪು ಹೇಳಿದ್ದೆನಲ್ಲ ಎಂದು ಆ ಗದ್ದಲದಲ್ಲೂ ಅವಳಿಗೆ ಹೊಳೆಯಿತು. ರಕ್ತ ಅವನ ಅಂಗಿಯ ಮೇಲೆ ಸುರಿಯಿತು, ಅವಳ ಕೈ ನಿಲ್ಲಲಿಲ್ಲ. ಹಣೆಗೆ, ಕಿವಿಗೆ, ಪಟ್ಟಿ ಹಿಡಿದ ಬೆರಳಿಗೆ. ಪಟ್ಟಿ ಬಿತ್ತು. ಕೃಪಾ ಅದನ್ನು ಕಾಲಿನಿಂದ ಮೂಲೆಗೆ ಒದ್ದಳು. ಹುಡುಗಿಯರು ಕೈಗೆ ಸಿಕ್ಕ ಸಿಕ್ಕ ಚಪ್ಪಲಿ ಎತ್ತಿಕೊಂಡರು. ಯಾರೂ ಬಿಡಿಸಲಿಲ್ಲ. ಕಡೆಗೆ ಸುಟ್ಟ ಕೈಯನ್ನು ಎದೆಗೆ ಹಿಡಿದುಕೊಂಡ ಶರಣಬಸಮ್ಮನೇ, "ಸಾಕವ್ವ ಉಮಾ, ಸತ್ತಗಿತ್ತಾನು" ಎಂದು ಅವಳ ಸೊಂಟ ಹಿಡಿದು ಹಿಂದಕ್ಕೆ ಎಳೆದಳು.

ಒಡತಿ ಕರೆಸಿದ ಪೊಲೀಸರು ಬಂದಾಗ ಚನ್ನು ಮೆಟ್ಟಿಲ ಮೇಲೆ ಮೂಗು ಮುಚ್ಚಿಕೊಂಡು, "ನೋಡ್ರಿ ಸಾಬ್, ಕೊಲ್ಲಾಕ ಬಂದ್ಳು" ಎಂದು ಅಳುತ್ತ ಕೂತಿದ್ದ. ಮತ್ತೆ ಬೆಣ್ಣೆಯಾಗಿದ್ದ, ಅವನ ಬಾಯಿಗಿಷ್ಟು ಬೆಂಕಿ ಬೀಳ! ಹುಡುಗಿಯರೆಲ್ಲ ಒಟ್ಟಿಗೆ ಬಾಯಿ ಮಾಡಿದರು. ಭುಜಂಗ ಬಂದ, ಮಧುಲತಕ್ಕನನ್ನು ಹೊಡೆದ, ಮಧುಲತಕ್ಕ ತಿರುಗಿ ಹೊಡೆದಳು, ತಪ್ಪೆಲ್ಲ ಭುಜಂಗನದೇ. ಹೆಣ್ಣು ಪೇದೆಗೆ ತಲೆ ಕೆಟ್ಟಿತು. ಮಧುಲತ, ಗಂಡ ಭುಜಂಗ ಎಂದು ಬರೆದುಕೊಳ್ಳತೊಡಗಿದವಳು, ರಕ್ತ ಸೋರುವ ತೋಳಿನ ಉಮಾಶ್ರೀಯ ಎದುರು ಬಂದು ಕೂತಳು.

"ಏಮೈಂದಮ್ಮಾ? ಚೆಪ್ಪು."

ಉಮಾಶ್ರೀ ಕೈಯಲ್ಲಿ ಇನ್ನೂ ಇದ್ದ ಚಪ್ಪಲಿ ನೋಡಿದಳು. ಅದನ್ನು ಪಕ್ಕಕ್ಕಿಟ್ಟಳು. ಈ ಸಲ ತಲೆ ತಗ್ಗಿಸಲಿಲ್ಲ. ಶರಣಬಸಮ್ಮನ ಕಡೆ ತಿರುಗಿ, "ನಾ ಹೇಳೂದು ಹೇಳ್ದಂಗ ತೆಲುಗಿನ್ಯಾಗ ಹೇಳು ಚಿಗವ್ವ" ಎಂದು, ಪೇದೆಯ ಮುಖವನ್ನೇ ನೋಡುತ್ತ ಶುರು ಮಾಡಿದಳು.

"ಮಧುಲತಾ ಅಲ್ರಿ. ಉಮಾಶ್ರೀ ಅಂತ ಬರಕೋರಿ. ಇಂವ ಭುಜಂಗ ಅಲ್ಲ, ಚನ್ನು, ನನ್ನ ಗಂಡ. ಆ ಪಟ್ಟಿ ಇವಂದ ಐತಿ. ಇವತ್ತಿಂದು ಒಂದ ಅಲ್ರಿ, ಲಗ್ನಾದಾಗಿಂದ ಹೇಳ್ತೀನಿ."