ಮೆಡಿಕಲ್ ಅಕ್ಕ ಕೊಡದ ಮಾತ್ರೆ

ಮೊನ್ನೆ ಪೆಟ್ಟಿಗೆ ಒರೆಸುವಾಗ ಅವ್ವನ ಎಲೆಅಡಿಕೆ ಚಂಚಿ ಸಿಕ್ಕಿತು. ಬಿಚ್ಚಿದರೆ ಒಣಸುಣ್ಣ, ಹೊಗೆಸೊಪ್ಪಿನ ಅದೇ ಘಾಟು. ಅಡಿಕೆ ಚೂರುಗಳ ನಡುವೆ ಮಡಚಿದ ಒಂದು ಕಾಗದದ ಕವರು. ಮೇಲೆ ನೀಲಿ ಪೆನ್ನಿನ ದಪ್ಪ ಅಕ್ಷರದಲ್ಲಿ ಮಾತ್ರೆಯ ಹೆಸರು, ಕೆಳಗೆ ‘ನೆನಪಿಗೆ, ರಾತ್ರಿ ಒಂದು’.

ಅದು ಬೈಯಪ್ಪನಹಳ್ಳಿಯ ಮೆಡಿಕಲ್ ಅಕ್ಕನ ಕೈಬರಹ. ದಿನಾ ಹಲಸೂರಿನಿಂದ ಬಂದು ನಮ್ಮ ಗಲ್ಲಿಯ ಮೂಲೆಯಲ್ಲಿ ಔಷಧಿ ಅಂಗಡಿ ತೆರೆಯುತ್ತಿದ್ದರು. ತಮಿಳಿನವರಿಗೆ ತಮಿಳಿನಲ್ಲಿ, ಉರ್ದುವಿನವರಿಗೆ ಉರ್ದುವಿನಲ್ಲಿ, ನನ್ನಂಥ ಕಲಬುರಗಿ ಕಡೆಯವರಿಗೆ ಕನ್ನಡದಲ್ಲಿ ಬೈಯುತ್ತಿದ್ದರು. ಎರಡೇ ಮಾತ್ರೆ ಕತ್ತರಿಸಿ ಕೊಟ್ಟರೂ ಕವರಿನ ಮೇಲೆ ಹೆಸರು, ಯಾತಕ್ಕೆ ಎಂಬುದನ್ನು ಬರೆಯದೆ ಬಿಡುತ್ತಿರಲಿಲ್ಲ. ಆಫೀಸಿಗೆ ಹೊರಟವಳಿಗೆ ಆ ಬರವಣಿಗೆ ಮುಗಿಯುವವರೆಗೆ ಕಾಯುವುದು ತಲೆನೋವು.

ಅವ್ವನಿಗೆ ಮರೆವಿನ ಕಾಯಿಲೆ ಶುರುವಾಗಿ ವರ್ಷವಾಗಿತ್ತು. ದೊಡ್ಡ ಡಾಕ್ಟರು ಕೊಟ್ಟ ಮಾತ್ರೆಯಿಂದ ಸ್ವಲ್ಪ ಚೇತರಿಸಿಕೊಂಡಿದ್ದಳು. ಆದರೆ ಮೂತ್ರ ತಡೆಯಲಾಗದೆ ಸೀರೆ ಒದ್ದೆಯಾಗತೊಡಗಿತು. ಇಂದಿರಾನಗರದಲ್ಲಿ ಆಫೀಸಿನ ಪಕ್ಕದ ಕ್ಲಿನಿಕ್ಕಿನವರು ಅದಕ್ಕೊಂದು ಮಾತ್ರೆ ಬರೆದರು, ಅಲ್ಲೇ ಕೊಂಡೆ. ಸೀರೆ ಒಣಗಿತು. ಹದಿನೈದು ದಿನಕ್ಕೆ ಅವ್ವ ನನ್ನ ಮುಖ ನೋಡಿ, “ನೀ ಯಾರವ್ವಾ? ಯಾರ ಮನಿಯಾಕಿ?” ಅಂದಳು. ಕಾಯಿಲೆ ಬೆಳೆಯಿತು, ಇನ್ನು ಇಷ್ಟೇ ಎಂದರು ಎಲ್ಲರೂ. ನಾನೂ ನಂಬಿಬಿಟ್ಟಿದ್ದೆ...

ಆ ಮಾತ್ರೆ ಮುಗಿಯುತ್ತ ಬಂದಾಗ ಹೆಸರು ಕತ್ತರಿಸಿಹೋದ ಪಟ್ಟಿಯ ತುಂಡನ್ನೇ ಮೆಡಿಕಲ್ ಅಕ್ಕನ ಮುಂದಿಟ್ಟೆ.

“ಇದ್ಯಾವ್ದು ಅಂತ ಕೊಡ್ಲಿ? ಚೀಟಿ ತಗೊಂಬನ್ನಿ.”

“ಮೆಟ್ರೊ ತಪ್ಪುತ್ತೆ ಅಕ್ಕಾ!”

“ಇನ್ನೊಂದು ಬರುತ್ತೆ.”

ಬೈದುಕೊಂಡೇ ಮನೆಗೆ ಹೋಗಿ ತಂದೆ. ಚೀಟಿ ಓದಿದವರು ನನ್ನನ್ನೇ ದಿಟ್ಟಿಸಿದರು. “ಅಮ್ಮಂಗೆ ಮರೆವು ಜಾಸ್ತಿ ಆಗಿದ್ಯಾ?” ನನಗೆ ಅಳು ಬಂತು.

ಕವರೊಂದನ್ನು ಮಗುಚಿ ತಲೆಯ ಚಿತ್ರ ಬರೆದರು. ಹಣೆಯ ಹಿಂದೆ, ಮಿದುಳಿನ ತಳದಲ್ಲಿ ಒಂದಷ್ಟು ಚುಕ್ಕಿ ಇಟ್ಟರು. ನೆನಪಿಗೆ, ಗಮನಕ್ಕೆ ಬೇಕಾದ ರಸ ಕಳಿಸುವ ನರಕೋಶಗಳು ಇವೇ, ಅಮ್ಮನಿಗೆ ಇವು ಸಾಯುತ್ತಿವೆ ಎಂದರು. “ನಾನು ಕೊಡೋ ನೆನಪಿನ ಮಾತ್ರೆ ಉಳಿದಿರೋ ರಸ ಹಾಳಾಗ್ದಂಗೆ ಕಾಯುತ್ತೆ. ಮೂತ್ರ ಅವಸರ ಆಗಿರೋದೂ ಬಹುಶಃ ಅದ್ರಿಂದ್ಲೇ. ಈ ಕ್ಲಿನಿಕ್ ಮಾತ್ರೆ ಆ ರಸ ಹೋಗಿ ಸೇರೋ ಬಾಗಿಲನ್ನೇ ಮುಚ್ಚುತ್ತೆ. ಎರಡೂ ಒಟ್ಟಿಗೆ ನಾನು ಕೊಡಲ್ಲ.”

ಕ್ಲಿನಿಕ್ಕಿಗೆ ಎಲ್ಲರೆದುರೇ ಫೋನು ಹಚ್ಚಿದರು. ಆ ಕಡೆಯ ದನಿ ನನಗೂ ಕೇಳಿಸಿತು: “ನೀವೇನು ಡಾಕ್ಟರಾ?”

“ಅಲ್ಲ ಸಾರ್. ಅದಕ್ಕೇ ಕೇಳ್ತಿದೀನಿ.”

ಅಂಗಡಿ ಮುಂದೆ ಜನ ಸೇರಿತ್ತು. ಅಕ್ಕ ಫೋನು ಇಡಲಿಲ್ಲ. ಕೊನೆಗೆ ಕ್ಲಿನಿಕ್ಕಿನವರೇ ಆ ಮಾತ್ರೆ ನಿಲ್ಲಿಸಲು ಹೇಳಿದರು. ಮೂತ್ರದ ಅವಸರ ತಗ್ಗಲೆಂದು ದೊಡ್ಡ ಡಾಕ್ಟರು ತಮ್ಮ ಮಾತ್ರೆಯನ್ನು ಅರ್ಧಕ್ಕಿಳಿಸಿದರು. ಯುಗಾದಿಯ ಬೆಳಿಗ್ಗೆ ಅವ್ವ ನನ್ನ ಗಲ್ಲ ಹಿಡಿದು, “ಮಾರಿ ಯಾಕ ಬಾಡ್ಯಾದ ಮಗಳ? ಉಂಡಿಲ್ಲೇನು?” ಅಂದಳು.

ದಸರೆಯವರೆಗೆ ನಾನು ಅವಳ ಮಗಳಾಗಿದ್ದೆ. ಆಮೇಲೆ ಯಾವ ಮಾತ್ರೆಗೂ ಬಗ್ಗದೆ ಆ ಚುಕ್ಕಿಗಳು ಆರುತ್ತ ಹೋದವು, ಅವ್ವನೂ ಹೋದಳು. “ಐದಾರು ತಿಂಗಳಿಗೆ ಇಷ್ಟು ಒದ್ದಾಡಿದ್ಯಾ?” ಅಂದವರಿದ್ದಾರೆ. ಹೌದು, ಒದ್ದಾಡಿದೆ. ಕಾಯಿಲೆ ತನ್ನ ಪಾಲು ತೆಗೆದುಕೊಳ್ಳಲಿ, ಒಂದು ತಪ್ಪು ಮಾತ್ರೆಗೆ ನನ್ನವ್ವನನ್ನು ಯಾಕೆ ಬಿಟ್ಟುಕೊಡಲಿ?

ಅಕ್ಕನ ಅಂಗಡಿಯ ಬಾಗಿಲು ಹೋದ ವರ್ಷ ಮುಚ್ಚಿತು. ಅಕ್ಕನಿಗೆ ಎದೆನೋವಂತೆ... ಅಂಗಡಿ ಪಕ್ಕದ ಹೂವಿನವಳು ಹೇಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೆಟ್ರೊ ತಪ್ಪಿದ್ದಕ್ಕೆ ರೇಗಿದ್ದೆ, ಆಮೇಲೆ ಒಂದು ಒಳ್ಳೆಯ ಮಾತನ್ನೂ ಹೇಳಿರಲಿಲ್ಲ.

ನಿನ್ನೆ ನೆಗಡಿಗೆಂದು ಹೊಸ ಅಂಗಡಿಗೆ ಹೋದೆ. ನಾಲ್ಕು ಮಾತ್ರೆ ಕತ್ತರಿಸಿ ಬರಿಗೈಗೆ ಕೊಟ್ಟರು. ಹೆಸರು ಬರೆದುಕೊಡಿ, ನನ್ನ ಬಿಪಿ ಮಾತ್ರೆ ಜೊತೆ ಆಗುತ್ತದೆಯೇ ನೋಡಿ ಎಂದೆ. ಹಿಂದೆ ನಿಂತವರು ಗೊಣಗಿದರು. ಅಂಗಡಿಯವರು ಹುಬ್ಬು ಗಂಟಿಕ್ಕಿ ಕೇಳಿದರು: “ನೀವೇನು ಡಾಕ್ಟರಾ ಮೇಡಂ?”

“ಅಲ್ಲ. ಅದಕ್ಕೇ ಕೇಳ್ತಿದೀನಿ.”

ಬರೆದುಕೊಡುವವರೆಗೂ ನಾನು ಕದಲಲಿಲ್ಲ. ಇದನ್ನು ಹೋಗಿ ಹೇಳಲು ಮೂಲೆಯ ಆ ಅಂಗಡಿ ಈಗಿಲ್ಲ.